ಎದುರಂಗಡಿಯ ಕುರ್ಚಿ

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದಂತೆ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಕರ್ಪೂರ, ಚೆಂಡುಹೂವು, ಆಗಷ್ಟೇ ಒಡೆದ ತೆಂಗಿನಕಾಯಿ. ಇವೆಲ್ಲ ಒಟ್ಟಿಗೆ ಬಂದರೆ ನಮ್ಮ ಗೋಕಾಕದ ಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ, ಹತ್ತಿರದಲ್ಲೆಲ್ಲೋ ಹೊಸ ಅಂಗಡಿಯೊಂದು ಬಾಗಿಲು ತೆರೆಯುತ್ತಿದೆ. ತಲೆ ಹೊರಗೆ ಹಾಕಿ ನೋಡಿದೆ. ಮೊನ್ನೆಮೊನ್ನೆಯವರೆಗೆ ಎತ್ತುಗಳ ಹಗ್ಗ, ಮಗಡ, ಬಾರುಕೋಲು ಮಾರುತ್ತಿದ್ದ ಜಾಗದಲ್ಲಿ ಕೆಂಪು ಬಲೂನುಗಳು ತೂಗಾಡುತ್ತಿದ್ದವು. ಮೊಮೊ ಅಂಗಡಿಯಂತೆ. ಮೊಮೊ ಎಂದರೇನು ಎಂದು ನನ್ನನ್ನು ಕೇಳಬೇಡಿ. ನೋಡಲು ನಮ್ಮ ಕಡುಬಿನ ತಮ್ಮನ ಹಾಗಿದೆ, ಒಳಗೆ ಹೂರಣದ ಬದಲು ಎಲೆಕೋಸು ತುಂಬಿರುತ್ತಾರೆ.

ಅಂಗಡಿಯ ಒಡತಿ ಅರಭಾವಿ ಕಡೆಯವಳು, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಕೈಗೆ ಹಿಟ್ಟು ಮೆತ್ತಿಕೊಂಡೇ ನನ್ನ ಬಳಿ ಓಡಿ ಬಂದಳು. "ಕಾಕಾ, ಲಗೂ ಬರ್ರಿ. ನೀವು ಬೋಣಿಗಿ ಮಾಡೂತನಕ ಯಾರಿಗೂ ಪ್ಲೇಟ್ ಕೊಡಾಂಗಿಲ್ಲ ಅಂತ ನಮ್ಮ ಮನಿಯವ್ರು ಹಟಾ ಹಿಡದ ಕುಂತಾರ." ಹೋದೆ, ತಿಂದೆ, ನಾಲಿಗೆ ಸುಟ್ಟುಕೊಂಡೆ. ಕೆಂಪು ಚಟ್ನಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಸಂತೋಷದ ನೀರೆಂದು ತಿಳಿದು ಇನ್ನೆರಡು ಹಾಕಿದರು. "ಕಾಕಾರ ಕೈಗುಣ ಬಿತ್ತು, ಇನ್ನ ಚಿಂತಿಲ್ಲ" ಎಂದು ಆಕೆ ಗಂಡನ ಮುಖ ನೋಡಿ ನಕ್ಕಳು. ಆ ಮಾತಿಗೆ ನಾನು ಅರ್ಧ ಪ್ಲೇಟು ಬಿಟ್ಟೇ ಎದ್ದೆ. ಬಂದು ನನ್ನ ಗಲ್ಲೆಯ ಮೇಲೆ ಕುಳಿತು, ಎದುರಿನ ಕಟಿಂಗ್ ಅಂಗಡಿಯೊಳಗಿನ ಕುರ್ಚಿಯನ್ನು ಸುಮ್ಮನೆ ನೋಡುತ್ತಿದ್ದೆ.

ಕೈಗುಣದ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನನ್ನು ಯಾರೋ ದೊಡ್ಡ ಮನುಷ್ಯನೆಂದು ತಿಳಿಯಬಹುದು. ನನ್ನದು ನೋಟುಬುಕ್ಕು, ಪೆನ್ನು, ಹಾಜರಿ ಪುಸ್ತಕದ ಅಂಗಡಿ. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿ ಕೊಡುವುದೂ ಉಂಟು. ಅಪ್ಪನಿಂದ ಬಂದದ್ದು, ನಾನು ಮಾಡಿದ ಸಾಹಸವೇನಿಲ್ಲ. ಬೋಣಿಗೆ ಎಂದರೆ ದಿನದ ಮೊದಲ ವ್ಯಾಪಾರ. ಅದು ಚೆನ್ನಾಗಿ ಆದರೆ ದಿನವೆಲ್ಲ ಚೆನ್ನ ಎಂದು ಪೇಟೆಯ ಜನ ನಂಬುತ್ತಾರೆ. ಹೊಸ ಅಂಗಡಿಯ ಮೊಟ್ಟಮೊದಲ ಬೋಣಿಗೆಯಂತೂ ಆ ಅಂಗಡಿಯ ಜಾತಕವೇ ಸರಿ. ಬಹಳ ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಮೊದಲ ಫೋನು ಬೂತು ಬಂದಾಗ, ಹುಕ್ಕೇರಿಯ ತಂಗಿಗೆ ಹಬ್ಬಕ್ಕೆ ಬಾ ಎಂದು ಹೇಳಲು ಮೊದಲು ಒಳಗೆ ನುಗ್ಗಿದವನು ನಾನು. ಬೂತು ಜೋರಾಗಿ ನಡೆಯಿತು. ಬೂತಿನವನ ತಮ್ಮ ಝೆರಾಕ್ಸ್ ಅಂಗಡಿ ಹಾಕಿದಾಗ ನನ್ನನ್ನೇ ಕರೆದ, ಅದೂ ನಡೆಯಿತು. ಅಲ್ಲಿಂದ ನನ್ನ ಕೈಗೆ ಗುಣ ಹತ್ತಿಕೊಂಡಿತು.

ಆಮೇಲೆ ನಾನು ಏನೆಲ್ಲ ಆದೆ ಕೇಳಿ. ಬಳೆ ಅಂಗಡಿಯ ಮೊದಲ ಗಿರಾಕಿ ನಾನು, ಹನ್ನೆರಡು ಹಸಿರು ಬಳೆ ಹಿಡಿದು ಮನೆಗೆ ಹೋದರೆ ಹೆಂಡತಿ ಅನುಮಾನದಿಂದ ನೋಡಿದಳು. ಕೇಕಿನ ಅಂಗಡಿಯವರು ನನ್ನ ಕೈಯಲ್ಲಿ ಪ್ಲಾಸ್ಟಿಕ್ಕಿನ ಚಾಕು ಕೊಟ್ಟು ಕೇಕು ಕೊಯ್ಯಿಸಿದರು, ಸುತ್ತ ನಿಂತವರು ಹುಟ್ಟುಹಬ್ಬದ ಹಾಡು ಹೇಳಿದರು, ನಾನು ಹುಟ್ಟಿದ ದಿನ ನನಗೇ ಗೊತ್ತಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಮಹಡಿಗೆ ಜಿಮ್ ಬಂದಾಗ ಧೋತರ ಎತ್ತಿ ಕಟ್ಟಿಕೊಂಡು ಓಡುವ ಯಂತ್ರದ ಮೇಲೆ ಹತ್ತಿದೆ. ಅದು ನಾನು ನಿಲ್ಲು ಎಂದರೂ ನಿಲ್ಲಲಿಲ್ಲ. ಆ ಫೋಟೊ ಇಂದಿಗೂ ಜಿಮ್ಮಿನ ಗೋಡೆಯ ಮೇಲಿದೆ, ಕೆಳಗೆ ನನ್ನ ಹೆಸರಿಲ್ಲ ಎಂಬುದೇ ಸಮಾಧಾನ. ಮುಚ್ಚಿಹೋದ ಅಂಗಡಿಗಳೂ ಇವೆ. ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ, ಮಸಾಲೆ ಹಾಲಿನ ಅಂಗಡಿ, ಮೀನು ಸಾಕುವ ಗಾಜಿನ ಪೆಟ್ಟಿಗೆಯ ಅಂಗಡಿ, ಇವಕ್ಕೂ ನನ್ನದೇ ಬೋಣಿಗೆ. ಆದರೆ ಪೇಟೆಯವರು ಉದಾರಿಗಳು. ನಡೆದವು ನನ್ನ ಕೈಗುಣದಿಂದ ನಡೆದವು, ಮುಚ್ಚಿದವು ಅವರವರ ಹಣೆಬರಹದಿಂದ ಮುಚ್ಚಿದವು. ನಾನೂ ಈ ಲೆಕ್ಕವನ್ನು ತಿದ್ದಲು ಹೋಗಲಿಲ್ಲ. ಮೆಚ್ಚುಗೆ ಬೇಡ ಎನ್ನುವಷ್ಟು ಒಳ್ಳೆಯವನು ನಾನಲ್ಲ.

ನಮ್ಮ ಬೀದಿಯನ್ನು ನೀವು ನೋಡಬೇಕು. ಒಂದು ತುದಿಯಲ್ಲಿ ಕರದಂಟಿನ ಅಂಗಡಿಗಳು, ಅಲ್ಲಿ ಅಂಟು ಹುರಿಯುವ ತುಪ್ಪದ ಘಮ. ಇನ್ನೊಂದು ತುದಿಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ. ನಡುವೆ ಸ್ಟೀಲ್ ಪಾತ್ರೆ, ಬಾಡಿಗೆ ಶೇರವಾನಿ, ಮೊಬೈಲ್ ಕವರು, ಬ್ಯಾಟರಿ ಸ್ಕೂಟರಿನ ಶೋರೂಮು, ನಮ್ಮೂರಿಗೆ ಹೆಸರು ತಂದ ಮರದ ಆಟಿಕೆ, ಅಂದರೆ ಮರದಲ್ಲಿ ಕೆತ್ತಿದ ಬಾಳೆಹಣ್ಣು, ಮಾವು ಮಾರುವ ಒಬ್ಬರೇ ಮುದುಕರು. ಕಬ್ಬಿನ ಸೀಜನ್ನಿನಲ್ಲಿ ಯಾವನೋ ದಾರಿ ತಪ್ಪಿದ ಡ್ರೈವರು ಎರಡು ಟ್ರೇಲರ್ ಜಗ್ಗಿಕೊಂಡು ದೊಡ್ಡ ಹಾಡು ಹಚ್ಚಿ ಒಳಗೆ ಬಂದುಬಿಟ್ಟರೆ, ಅರ್ಧ ತಾಸು ಯಾರೂ ಎಲ್ಲಿಗೂ ಹೋಗುವಂತಿಲ್ಲ. ಆಗ ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಕುಳಿತು ಚಹಾ ಕುಡಿಯುತ್ತೇವೆ. ಇಂಥ ಬೀದಿಯಲ್ಲಿ ನನ್ನ ಅಂಗಡಿಯ ನೇರ ಎದುರಿಗೆ ಮಲ್ಲಪ್ಪನ ಕಟಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಅಷ್ಟೇ. ನನ್ನ ತಲೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಕತ್ತರಿಸಿದವನು ಮಲ್ಲಪ್ಪನೇ.

ಎರಡೂವರೆ ವರ್ಷಗಳ ಹಿಂದೆ ಮಲ್ಲಪ್ಪನ ಕೈ ನಡುಗಲು ಶುರುವಾಯಿತು. ಮೊದಮೊದಲು ನಾವು ಗಿರಾಕಿಗಳೆಲ್ಲ ಗೊತ್ತಾಗದವರ ಹಾಗೆ ಕುಳಿತೆವು. ಒಮ್ಮೆ ನನ್ನ ಕಿವಿಯ ಹಿಂದೆ ರಕ್ತ ಬಂದಾಗ ಅವನೇ ಕತ್ತಿ ಕೆಳಗಿಟ್ಟು, "ಸಾಕು ಬಿಡಪಾ" ಎಂದ. ಮೊಬೈಲ್ ಕವರಿನವನೊಬ್ಬ ಅಂಗಡಿಯನ್ನು ಬಾಡಿಗೆಗೆ ಕೊಡಿ ಎಂದು ಆಗಲೇ ವಾರಕ್ಕೊಮ್ಮೆ ಬಂದು ಕೇಳುತ್ತಿದ್ದ. ಆಗ ಮಲ್ಲಪ್ಪನ ಮಗಳು ಕಸ್ತೂರಿ ಮುಂದೆ ಬಂದಳು. ಬೆಳಗಾವಿಯಲ್ಲಿ ಪಾರ್ಲರಿನಲ್ಲಿ ಮೂರ್ನಾಲ್ಕು ವರ್ಷ ಕೆಲಸ ಮಾಡಿ ಬಂದವಳು. ಇನ್ನೇನು ಬ್ಯೂಟಿ ಪಾರ್ಲರ್ ಹಾಕುತ್ತಾಳೆ, ಹೆಣ್ಣುಮಕ್ಕಳ ಗದ್ದಲ ಹೆಚ್ಚುತ್ತದೆ ಎಂದು ನಾವೆಲ್ಲ ಮಾತಾಡಿಕೊಂಡೆವು. ಅವಳು ಅಂಗಡಿಗೆ ಹೊಸ ಬಣ್ಣ ಹೊಡೆಸಿ, ಬೋರ್ಡಿನ ಮೇಲೆ ಗಂಡಸರ ಕಟಿಂಗ್ ಎಂದೇ ಬರೆಸಿದಳು.

"ಹೆಣ್ಮಕ್ಕಳ ಪಾರ್ಲರ್ ಹಾಕಬಾರದೇನವಾ?" ಎಂದು ನಾನೇ ಕೇಳಿದೆ.

"ಅವು ಈ ಓಣ್ಯಾಗ ಮೂರು ಅದಾವ್ರಿ ಕಾಕಾ. ನನಗ ಮೊದಲಿಂದ ಕತ್ತರಿ ಕೆಲಸ ಸೇರತೈತಿ. ಅಪ್ಪ ಕಟಿಂಗ್ ಮಾಡೂದ ನೋಡಕೋತ ಆ ಬೆಂಚಿನ ಮ್ಯಾಲ ಬೆಳದಾಕಿ ನಾ. ಅಪ್ಪಂದ ಕುರ್ಚಿ, ಅಪ್ಪನ ಗಿರಾಕಿ, ನಾ ಯಾಕ ಬಿಡ್ಲಿ?"

ಮಲ್ಲಪ್ಪ ಒಪ್ಪಿದ್ದ, ಆದರೆ ಒಂದು ಮಾತು ಹಾಕಿದ್ದ. ಒಂದು ತಿಂಗಳು ನೋಡೋಣ. ಗಂಡಸರು ಬಂದು ಕೂತರೆ ಸರಿ, ಇಲ್ಲವಾದರೆ ಅಂಗಡಿ ಮೊಬೈಲಿನವನಿಗೆ, ಅವಳು ವಾಪಸ್ ಬೆಳಗಾವಿಗೆ, ಇನ್ನೊಬ್ಬರ ಕೈಕೆಳಗೆ. ಅವಳು ಇದನ್ನು ನನಗೆ ಹೇಳಿ, "ಯಾವ ದಿನ ಚಾಲೂ ಮಾಡ್ಲಿ ಕಾಕಾ? ನೀವ ಹೇಳ್ರಿ, ಬೋಣಿಗಿನೂ ನಿಮ್ದ" ಎಂದಳು. ನಾನು ಪಂಚಾಂಗವನ್ನೂ ನೋಡಲಿಲ್ಲ. ನಮ್ಮ ಕಡೆ ಅಮವಾಸ್ಯೆ ಎಂದರೆ ವ್ಯಾಪಾರಸ್ಥರಿಗೆ ಒಳ್ಳೆಯ ದಿನ. ತಿಂಗಳು ತಿಂಗಳು ಅಂದೇ ಅಂಗಡಿ ಪೂಜೆ, ಅಂದೇ ತಕ್ಕಡಿಗೆ ಹೂವು. ನಾನು ಬೋಣಿಗೆ ಮಾಡಿದ ಅಂಗಡಿಗಳಲ್ಲಿ ಅರ್ಧಕ್ಕರ್ಧ ಅಮವಾಸ್ಯೆಗೇ ತೆರೆದವು. "ಬರೂ ಅಮಾಸಿಗೆ ಇಟ್ಕೊ, ಆಯಿತವಾರ ಬಂದೈತಿ, ಮಂದೀನೂ ಇರತಾರ" ಎಂದು ಜಾಣನ ಹಾಗೆ ಹೇಳಿದೆ.

ನೀವು ನಮ್ಮ ಕಡೆಯವರಾಗಿದ್ದರೆ ಇಷ್ಟೊತ್ತಿಗೆ ನಗುತ್ತಿರುತ್ತೀರಿ. ಅಂಗಡಿ ತೆರೆಯಲು ಅಮವಾಸ್ಯೆಯಂಥ ದಿನವಿಲ್ಲ, ಖರೆ. ಆದರೆ ಅಮವಾಸ್ಯೆಯ ದಿನ ತಲೆಗೆ ಕತ್ತರಿ ಹಚ್ಚುವ ಗಂಡಸು ಗೋಕಾಕದಲ್ಲಿ ಮಾತ್ರವಲ್ಲ, ಮೂಡಲಗಿ, ಹುಕ್ಕೇರಿಯಲ್ಲೂ ಸಿಗುವುದಿಲ್ಲ. ಇದು ನನಗೂ ಗೊತ್ತು, ಮಲ್ಲಪ್ಪನಿಗೂ ಗೊತ್ತು, ಆ ಮಗಳಿಗೂ ಗೊತ್ತು. ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ ದಿನ ಹೇಳಿ ಹೇಳಿ ರೂಢಿಯಾಗಿ, ಇದು ಕಟಿಂಗ್ ಅಂಗಡಿ ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ. ಕಾಕಾ ಹೇಳಿದ ಮೇಲೆ ಮುಗಿಯಿತು ಎಂದು ಅವರೂ ಯೋಚಿಸಲಿಲ್ಲ.

ಆ ಆಯಿತವಾರ ಪೂಜೆ ಭರ್ಜರಿಯಾಗಿಯೇ ಆಯಿತು. ಬಾಗಿಲಿಗೆ ಬಾಳೆಕಂಬ, ಕನ್ನಡಿಗೆ ಚೆಂಡುಹೂವಿನ ಮಾಲೆ, ಕತ್ತರಿ, ಬಾಚಣಿಕೆಗಳಿಗೆ ವಿಭೂತಿ, ಕುಂಕುಮ. ಇಡೀ ಬೀದಿ ಸೇರಿತ್ತು. ಪೇಢೆ ಹಂಚಿದರು. ಕಸ್ತೂರಿ ಹೊಸ ಕಪ್ಪು ಏಪ್ರನ್ ಕಟ್ಟಿಕೊಂಡು, ಬಿಳಿ ಬಟ್ಟೆಯನ್ನು ಒಮ್ಮೆ ಝಾಡಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಬರ್ರಿ ಕಾಕಾ."

ನಾನು ಒಂದು ಹೆಜ್ಜೆ ಇಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಹಿಂದೆ ನಿಂತ ಸ್ಟೀಲ್ ಪಾತ್ರೆಯ ಅಂಗಡಿಯವರು, "ಅಲ್ರಿ, ಇವತ್ತ ಅಮಾಸಿ! ಅಮಾಸಿ ದಿನ ಕಟಿಂಗ್ ಏನ್ರಿ?" ಎಂದರು. ಕೂಡಲೇ ಎಲ್ಲರ ಮುಖದ ಮೇಲೂ ಒಂದು ನಿರಾಳ ಕಂಡಿತು. "ಹೌದಲ್ಲ!" "ಮರತ ಹೋಗಿತ್ತು ನೋಡ್ರಿ!" "ನಾಳಿ ಬರ್ತೇವಿ ತಂಗಿ, ತಪ್ಪದ ಬರ್ತೇವಿ!" ಎಂದು ಬಾಯಲ್ಲಿ ಪೇಢೆ ಇಟ್ಟುಕೊಂಡೇ ಒಬ್ಬೊಬ್ಬರಾಗಿ ಇಳಿದು ಹೋದರು. ಉಳಿದವನು ನಾನು. ಕಸ್ತೂರಿ ಇನ್ನೂ ಬಿಳಿ ಬಟ್ಟೆ ಹಿಡಿದೇ ನಿಂತಿದ್ದಳು. ಗಡ್ಡದ ನಾಲ್ಕು ಕೂದಲು ತೆಗೆಸಿಕೊಂಡಿದ್ದರೂ ಬೋಣಿಗೆ ಆಗುತ್ತಿತ್ತು. ನಾನು, "ಮನ್ಯಾಗ ಎಡಿ ಹಿಡಿಯೂದೈತಿ, ಲಗೂ ಹೋಗಬೇಕವಾ" ಎಂದು ಹೇಳಿ, ಅವಳ ಮುಖ ನೋಡದೆ ಮೆಟ್ಟಿಲು ಇಳಿದೆ. ನಮ್ಮ ಮನೆಯಲ್ಲಿ ದೇವರಿಗೆ ಎಡೆ ಹಿಡಿಯುವವಳು ಹೆಂಡತಿ, ನನ್ನನ್ನು ದೇವರ ಕೋಣೆಯ ಹತ್ತಿರವೂ ಬಿಡುವುದಿಲ್ಲ.

ಮರುದಿನ ಸೋಮವಾರ. ಸೋಮವಾರ ನಮಗೆ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಮ್ಮ ತಲೆಗೆ ಕತ್ತರಿ ಹಚ್ಚುವುದಿಲ್ಲ. ಅದರ ಮರುದಿನ ಮಂಗಳವಾರ, ಊರಿನ ಎಲ್ಲ ಕಟಿಂಗ್ ಅಂಗಡಿಗಳಿಗೂ ರಜೆ. ಎಂಥ ದಿನ ಹುಡುಕಿ ಕೊಟ್ಟಿದ್ದೆ ನೋಡಿ, ಅದೂ ಸೇರಿ ಸಾಲಾಗಿ ಮೂರು ದಿನ ಗಿರಾಕಿ ಬರದಂಥ ದಿನ! ಸೋಮವಾರ ಅವಳು ಅಂಗಡಿ ತೆರೆದು ಕನ್ನಡಿ ಒರೆಸಿದಳು. ಮಂಗಳವಾರವೂ ತೆರೆದು, ಒಣಗಿದ ಹೂಮಾಲೆ ತೆಗೆದು, ಮತ್ತೆ ಕನ್ನಡಿ ಒರೆಸಿದಳು. ಮಲ್ಲಪ್ಪ ಬೆಂಚಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದ. ಮೊಬೈಲ್ ಕವರಿನವನು ಬಂದು ಬಾಗಿಲ ಅಗಲ ಅಳೆದು ಹೋದ. ಇದನ್ನೆಲ್ಲ ನಾನು ನನ್ನ ಗಲ್ಲೆಯ ಮೇಲೆ ಕುಳಿತು, ರಟ್ಟಿಗೆ ಅಂಟು ಹಚ್ಚುತ್ತಾ ನೋಡಿದೆ. ನನಗೆ ತುಂಬ ಕೆಟ್ಟದೆನಿಸಿತು. ಆದರೆ ಕೆಟ್ಟದೆನಿಸುವುದು ಬೇರೆ, ಎದ್ದು ಹತ್ತು ಹೆಜ್ಜೆ ದಾಟುವುದು ಬೇರೆ.

ಬುಧವಾರ ಯಾವ ನೆವವೂ ಉಳಿದಿರಲಿಲ್ಲ. ಅದಕ್ಕೇ ನಾನು ಬೆಳಗಿನ ಬಸ್ಸಿಗೆ ಮೂಡಲಗಿಗೆ ಹೋದೆ. ಅಲ್ಲಿನ ಶಾಲೆಯೊಂದಕ್ಕೆ ಹಾಜರಿ ಪುಸ್ತಕ ಕೊಡುವುದಿತ್ತು, ಮುಂದಿನ ವಾರ ಕೊಟ್ಟರೂ ನಡೆಯುತ್ತಿತ್ತು. ಹೆಡ್ ಮಾಸ್ತರರಿಗೇ ಆಶ್ಚರ್ಯವಾಯಿತು, ಬೈಂಡಿಂಗ್ ಕೆಲಸ ಹೇಳಿದ ದಿನಕ್ಕಿಂತ ಮೊದಲು ಬಂದದ್ದು ಅವರ ಸರ್ವಿಸ್ಸಿನಲ್ಲೇ ಅದೇ ಮೊದಲಂತೆ. ಸಂಜೆ ಮುಂದೆ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಅರಭಾವಿಯ ಬಸ್ಸಿಗೆ ಕಾಯುತ್ತಾ ಕಾಲೇಜಿನ ಹುಡುಗರ ಗುಂಪು ನಿಂತಿತ್ತು. ಮೂವರ ಕುತ್ತಿಗೆಯ ಹಿಂದೆ ಪೌಡರಿನ ಬಿಳಿ ಇನ್ನೂ ಹಾಗೇ ಇತ್ತು. "ಎಲ್ಲಿ ಮಾಡಿಸಿದ್ರಿಪಾ ಕಟಿಂಗ್?" ಎಂದು ಕೇಳಿದೆ.

"ಪೇಟೆಯಲ್ಲಿ ಒಬ್ಬರು ಅಕ್ಕ ಇದಾರಲ್ಲ ಅಂಕಲ್, ಅಲ್ಲಿ. ಸಖತ್ತಾಗಿ ಮಾಡ್ತಾರೆ" ಎಂದ ಅವರಲ್ಲೊಬ್ಬ. ಮಾತು ಕೇಳಿದರೆ ಮೈಸೂರು ಕಡೆಯವನು. ಅವನಿಗೆ ನನ್ನ ಕೈಗುಣವೂ ಗೊತ್ತಿಲ್ಲ, ನಮ್ಮ ಬೀದಿಯ ಮರ್ಯಾದೆಯೂ ಗೊತ್ತಿಲ್ಲ, ಕೂದಲು ಬೆಳೆದಿತ್ತು, ಹೋಗಿ ಕೂತಿದ್ದಾನೆ. ನಾನು ಅವನ ಬೆನ್ನು ತಟ್ಟಿದೆ. ಅವನು ಗಾಬರಿಯಿಂದ ನೋಡಿದ.

ಆಮೇಲಿನದನ್ನು ಹೇಳುವುದೇನಿದೆ? ಅರಭಾವಿಯವರ ಹಿಂದೆ ನಿಡಸೋಸಿಯ ಇಂಜಿನಿಯರಿಂಗ್ ಹುಡುಗರು ಬಂದರು. ಅವರ ಹಿಂದೆ ಮೇಲವಂಕಿಯ ಮದುಮಗಂದಿರು, ಮದುಮಗಂದಿರ ಜೊತೆ ಅವರ ಅಪ್ಪಂದಿರು. ತಿಂಗಳು ತುಂಬುವುದರೊಳಗೆ ಸ್ಟೀಲ್ ಪಾತ್ರೆಯವರೂ ಹೋಗಿ ಮೀಸೆ ತಿದ್ದಿಸಿಕೊಂಡು ಬಂದರು. ಮೊಬೈಲ್ ಕವರಿನವನು ಬೇರೆ ಅಂಗಡಿ ಹಿಡಿದ, ಅದಕ್ಕೂ ನನ್ನದೇ ಬೋಣಿಗೆ. ಹೋಗದೆ ಉಳಿದವನು ನಾನೊಬ್ಬನೇ. ಈಗ ನನ್ನನ್ನು ತಡೆದದ್ದು ಅಂಜಿಕೆಯಲ್ಲ, ನಾಚಿಕೆ. ಮೊದಲ ದಿನ ಆ ಕುರ್ಚಿಯಲ್ಲಿ ಕೂಡದವನು ಈಗ ಯಾವ ಮುಖ ಹೊತ್ತು ಕೂಡಬೇಕು? ಹಾಗೆಂದು ಕೂದಲು ಬೆಳೆಯುವುದು ನಿಲ್ಲಿಸುತ್ತದೆಯೇ? ಊರಿನ ಬೇರೆ ಅಂಗಡಿಗೆ ಹೋದರೆ ಸಂಜೆಯೊಳಗೆ ಸುದ್ದಿಯಾಗುತ್ತದೆ. ಹೀಗಾಗಿ ಎರಡು ವರ್ಷ ನಾನು ತಿಂಗಳಿಗೊಮ್ಮೆ ಬಸ್ಸು ಹಿಡಿದು ಹುಕ್ಕೇರಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದೆ. ತಂಗಿಯ ಮನೆಗೆ ಹೋಗುತ್ತೇನೆ ಎಂಬುದು ಹೆಸರಿಗೆ. ತಂಗಿಯೇ ಒಮ್ಮೆ, "ಅಣ್ಣಾ, ಖರೇ ಹೇಳು, ನನ್ನ ನೋಡಾಕ ಬರ್ತೀಯೋ, ಕಟಿಂಗ್ ಮಾಡಸಾಕ ಬರ್ತೀಯೋ?" ಎಂದು ಕೇಳಿದಳು. ಹೊಸ ಕಟಿಂಗ್ ಮಾಡಿಸಿಕೊಂಡು ಬಂದು ಮರುದಿನ ಕಸ್ತೂರಿಯ ಎದುರಿಗೇ ಕೂಡಬೇಕಲ್ಲ, ಆಗ ತಲೆಗೆ ಟೊಪ್ಪಿಗೆ. ಬೇಸಿಗೆಯಲ್ಲೂ ಟೊಪ್ಪಿಗೆ. ಅವಳು ಒಂದು ದಿನವೂ ಏನೂ ಕೇಳಲಿಲ್ಲ. ಬೆಳಿಗ್ಗೆ ನೀರು ಚಿಮುಕಿಸುವಾಗ, "ಚಹಾ ಆತೇನ್ರಿ ಕಾಕಾ" ಎಂದಷ್ಟೇ ಕೇಳುತ್ತಿದ್ದಳು.

ಹೋದ ತಿಂಗಳು ಹುಕ್ಕೇರಿಯ ಕುರ್ಚಿಯಲ್ಲಿ ಕುಳಿತಿದ್ದಾಗ ಅಲ್ಲಿನವನು ಹೊಸ ನಮೂನೆಯಾಗಿ ಕತ್ತರಿ ಆಡಿಸುತ್ತಿದ್ದ. "ಇದೆಲ್ಲಿ ಕಲತಿಪಾ?" ಎಂದೆ. "ನಿಮ್ಮ ಗೋಕಾಕದಾಗ್ರಿ! ಪೇಟ್ಯಾಗ ಒಬ್ಬಾಕಿ ಹೆಣ್ಮಗಳ ಅದಾಳಲ್ಲರಿ, ರಜಾ ದಿನ ನಾಕು ಸಲ ಹೋಗಿ ಕೇಳಿ ಕಲತ ಬಂದೆ. ಏನ್ ಕೈ ಐತ್ರಿ ಆಕೀದು! ನೀವು ಅಲ್ಲೇ ಇದ್ದು ಇಷ್ಟು ದೂರ ಯಾಕ ಬರ್ತೀರಿ?" ಬರುವಾಗ ಬಸ್ಸಿನಲ್ಲಿ ಪೂರಾ ದಾರಿ ಕಿಟಕಿಯ ಹೊರಗೆ ನೋಡುತ್ತಾ ಬಂದೆ. ನನ್ನಷ್ಟು ಹುಂಬ ಇನ್ನೊಬ್ಬನಿರಲಾರ ಎಂದು ಖಾತ್ರಿಯಾಗಿತ್ತು.

ಇವತ್ತು ಮೊಮೊ ಅಂಗಡಿಯಲ್ಲಿ ಕೈಗುಣದ ಮಾತು ಕೇಳಿ ಬಂದ ಮೇಲೆ ನನಗೆ ಅಂಗಡಿಯಲ್ಲಿ ಕೂಡಲಾಗಲಿಲ್ಲ. ಶಟರ್ ಅರ್ಧ ಎಳೆದು ಬೀದಿ ದಾಟಿದೆ. ಒಳಗೆ ಬೆಂಚಿನ ಮೇಲೆ ಮೂವರಿದ್ದರು. ಮೂಲೆಯಲ್ಲಿ ಮಲ್ಲಪ್ಪ ಪೇಪರು ಹಿಡಿದಿದ್ದ. ಕಸ್ತೂರಿ ಕನ್ನಡಿಯಲ್ಲಿಯೇ ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ. "ಬರ್ರಿ ಕಾಕಾ. ಮೂರು ಮಂದಿ ಅದಾರ, ಆಮ್ಯಾಲ ನಿಮ್ಮ ಪಾಳಿ. ಕುಂದರ್ರಿ." ಕುಳಿತೆ. ಯಾವ ಅಂಗಡಿಯಲ್ಲೂ ಪಾಳಿಗೆ ಕಾದ ರೂಢಿ ನನಗಿರಲಿಲ್ಲ.

ಪಾಳಿ ಬಂತು. ಕುರ್ಚಿ ಹತ್ತಿದೆ. ಅವಳು ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದಳು. ಇನ್ನು ತಡಮಾಡಿದರೆ ಹೇಳಲಾರೆ ಎನಿಸಿ, ಬೆಂಚಿನವರಿಗೂ ಕೇಳುವ ಹಾಗೆ ಹೇಳಿಬಿಟ್ಟೆ. "ಕಸ್ತೂರಿ, ಅವತ್ತ ಎಡಿ ಹಿಡಿಯೂದೈತಿ ಅಂತ ಎದ್ದ ಹೋದೆನಲ್ಲ, ಅದು ಸುಳ್ಳವಾ. ಅಮಾಸಿ ನೆವಾನೂ ಸುಳ್ಳ. ಹೆಣ್ಮಗಳ ಕೈಯಾಗ ಕಟಿಂಗ್ ಮಾಡಿಸಿಕೊಂಡ್ರ ಮಂದಿ ನಗತಾರ ಅಂತ ಅಂಜಿ ಹೋದೆ. ನಾ ಕುಂತಿದ್ದರ ಎಲ್ಲಾರೂ ಕುಂದರತಿದ್ರು, ಅದೂ ಗೊತ್ತಿತ್ತು."

ಮಲ್ಲಪ್ಪ ಪೇಪರು ಕೆಳಗಿಳಿಸಿದ. ಬಾಚಣಿಕೆಗೆ ಚಾಚಿದ ಕಸ್ತೂರಿಯ ಕೈಯೂ ನಿಂತಿತು. ಇರಲಿ ಬಿಡ್ರಿ ಕಾಕಾ, ಆಗಿದ್ದು ಆಗಿಹೋಯಿತು ಎಂದು ಅವಳು ಅನ್ನುತ್ತಾಳೆಂದು ನಾನು ಕಾದಿದ್ದೆ. ಅವಳು ಹಾಗೆ ಅನ್ನಲಿಲ್ಲ.

"ಹೌದ್ರಿ, ನೀವು ಕುಂತಿದ್ದರ ಚಲೋ ಆಗತಿತ್ತು" ಎಂದಳು. "ಆ ಮೂರು ದಿನ ನಮ್ಮ ಮನ್ಯಾಗ ಯಾರೂ ಸರಿಯಾಗಿ ಉಣಲಿಲ್ಲ. ಅಪ್ಪ ನನ್ನ ಜೋಡಿ ಮಾತಾಡಲಿಲ್ಲ. ನೀವು ಎದುರಿಗೇ ಕುಂತಿದ್ರಿ."

ಕನ್ನಡಿಯಲ್ಲಿ ನನ್ನ ಮುಖ ನೋಡುವುದೂ ಕಷ್ಟವಾಯಿತು. ಅವಳು ಬಾಚಣಿಕೆಯಿಂದ ನನ್ನ ಕೂದಲನ್ನು ಎತ್ತಿ ಎತ್ತಿ, ಆ ಕಡೆ ಈ ಕಡೆ ಹೋಲಿಸಿ ನೋಡಿದಳು. ಬಲಗಡೆ ನೋಡಿ ಎಡಗಡೆ ಬಂದಾಗ ಲೊಚಗುಟ್ಟಿದಳು.

"ಎರಡು ವರ್ಷದಿಂದ ಈ ಎಡಗಡೆದ್ದ ನೋಡಕೋತ ಬಂದೇನ್ರಿ ಕಾಕಾ, ಎಷ್ಟು ಸೊಟ್ಟ ಐತಿ ಅಂತ. ಟೊಪಿಗಿ ಹಾಕಿದ್ರ ಕಾಣೂದಿಲ್ಲೇನು? ದಾಟಿ ಬಂದು ಸರಿ ಮಾಡಬೇಕು ಅಂತ ಕೈ ತುರಸತಿತ್ತು." ಅವಳು ನನ್ನ ತಲೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ಬಗ್ಗಿಸಿದಳು. "ಒಮ್ಮಿಗೇ ಸರಿ ಆಗಂಗಿಲ್ಲ. ಮೂರ್ನಾಕು ಸಲ ಬರಬೇಕಾಗತೈತಿ."

"ಬರ್ತೇನವಾ" ಎಂದೆ.

"ಅಲಗ್ಯಾಡಬ್ಯಾಡ್ರಿ" ಎಂದು ಅವಳು ಕತ್ತರಿ ಎತ್ತಿಕೊಂಡಳು.